ಇಂಗ್ಲೆಂಡಿನ ಪಬ್: ಯಾವುದಕ್ಕೆ ಹೋಗುವುದು, ಹೋಗಿ ಏನು ಕೇಳುವುದು

ಸೆಪ್ಟೆಂಬರ್ ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಓದಲು ಬಂದ ಹುಡುಗರು, ಆಸ್ಪತ್ರೆ ಕೆಲಸಕ್ಕೆ ಬಂದ ನರ್ಸುಗಳು, ಒಂದು ವರ್ಷದ ಪ್ರಾಜೆಕ್ಟಿಗೆಂದು ಬಂದು ಐದು ವರ್ಷ ಉಳಿದುಬಿಡುವ ದಂಪತಿಗಳು ಎಲ್ಲರೂ ಕೇಳುವುದು ಇಷ್ಟೇ: "ನಮ್ಮ ಬೀದಿಯಲ್ಲೇ ಮೂರು ಪಬ್ ಇವೆ, ಯಾವುದಕ್ಕೆ ಹೋಗುವುದು?" ಜೂನಿನಲ್ಲಿ ಪ್ರಶ್ನೆಯ ಧಾಟಿ ಬದಲಾಗುತ್ತದೆ: "ಊರಿಂದ ಅಪ್ಪ, ಅಮ್ಮ ಬಂದಿದ್ದಾರೆ. ಅಪ್ಪ ಕುಡಿಯುವುದಿಲ್ಲ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪಬ್ಬಿಗೆ ಕರೆದುಕೊಂಡು ಹೋಗಬಹುದೇ?"

ಧಾರಾಳವಾಗಿ ಹೋಗಬಹುದು. ಬೆಂಗಳೂರಿನಿಂದ ಬಂದವರಿಗೆ ಪಬ್ ಎಂದರೆ ಕತ್ತಲು, ಕಿವಿ ತೂತಾಗುವ ಸಂಗೀತ, ವಾರಾಂತ್ಯದ ರಾತ್ರಿ. ಇಲ್ಲಿನದು ಹಾಗಲ್ಲ. ಪಬ್ಲಿಕ್ ಹೌಸ್ ಎಂಬುದರ ಗಿಡ್ಡ ರೂಪ ಪಬ್. ಮಧ್ಯಾಹ್ನ 12 ಗಂಟೆಗೆ ಹೋದರೆ ಒಬ್ಬ ಅಜ್ಜ ಪತ್ರಿಕೆ ಓದುತ್ತಿರುತ್ತಾನೆ, ಮೇಜಿನ ಕೆಳಗೆ ನಾಯಿ ಮಲಗಿರುತ್ತದೆ, ಮೂಲೆಯಲ್ಲಿ ಯಾರೋ ಮಗುವಿಗೆ ಆಲೂಗಡ್ಡೆ ತಿನ್ನಿಸುತ್ತಿರುತ್ತಾರೆ. ಚಹಾ ಕೇಳಿದರೆ ಹೆಚ್ಚಿನ ಕಡೆ ಚಹಾ ಕೊಡುತ್ತಾರೆ.

ಆದರೆ ಎಲ್ಲ ಪಬ್ಬುಗಳೂ ಒಂದೇ ಅಲ್ಲ. ಕಾಮತ್ ಹೋಟೆಲು, ಮಿಲಿಟರಿ ಹೋಟೆಲು, ದರ್ಶಿನಿ ಮೂರನ್ನೂ ನಾವು "ಹೋಟೆಲ್" ಎಂದೇ ಕರೆಯುತ್ತೇವಲ್ಲ, ಹಾಗೆ. ದರ್ಶಿನಿಯಲ್ಲಿ ಕೈಮಾ ಉಂಡೆ ಕೇಳಿ ನಿರಾಶರಾಗುವವರು ಯಾರೂ ಇಲ್ಲ. ಪಬ್ಬಿನಲ್ಲಿ ಮಾತ್ರ ಹೊಸಬರು ದಿನವೂ ಮಾಡುವ ತಪ್ಪು ಇದೇ.

ಆದ್ದರಿಂದ ನಾನು ಉತ್ತರ ಕೊಡುವ ಮೊದಲು ತಿರುಗಿ ಕೆಲವು ಪ್ರಶ್ನೆ ಕೇಳುತ್ತೇನೆ. ಜೊತೆಗೆ ಯಾರು ಬರುತ್ತಾರೆ, ಮಕ್ಕಳೋ, ಹಿರಿಯರೋ, ಕಚೇರಿಯವರೋ? ಮಾಂಸ ತಿನ್ನುತ್ತೀರೋ ಇಲ್ಲವೋ, ಇಲ್ಲವಾದರೆ ಎಷ್ಟು ಕಟ್ಟುನಿಟ್ಟು? ತಲೆಗೆ ಎಷ್ಟು ಪೌಂಡ್ ಖರ್ಚು ಮಾಡಲು ತಯಾರು? ಯಾವ ವಾರ, ಎಷ್ಟು ಗಂಟೆಗೆ? ಇವಕ್ಕೆ ಉತ್ತರ ಸಿಕ್ಕ ಮೇಲೆ ಉಳಿಯುವುದು ಒಂದೇ ಪ್ರಶ್ನೆ, ಅದನ್ನು ಪಬ್ಬಿಗೇ ಕೇಳಬೇಕು: ನಿನ್ನನ್ನು ಕಟ್ಟಿದ್ದು ಯಾತಕ್ಕೆ? ಪ್ರಯಾಣಿಕರಿಗೆ ಊಟ ಹಾಕಲು ಕಟ್ಟಿದ ಮನೆ ಇವತ್ತಿಗೂ ಊಟವನ್ನೇ ಚೆನ್ನಾಗಿ ಕೊಡುತ್ತದೆ. ಕುಡಿಸಲೆಂದೇ ಕಟ್ಟಿದ ಮನೆಯಲ್ಲಿ ಊಟ ಕೇಳಿದರೆ ಫ್ರೀಜರಿನಿಂದ ಬರುತ್ತದೆ.

ಸಮಯದ ವಿಚಾರವನ್ನು ಮೊದಲೇ ಮುಗಿಸಿಬಿಡುತ್ತೇನೆ, ನಮ್ಮವರು ಹೆಚ್ಚು ಪೆಟ್ಟು ತಿನ್ನುವುದು ಅಲ್ಲಿಯೇ. ಪಬ್ ತೆರೆದಿರುವ ಹೊತ್ತು ಬೇರೆ, ಅಡುಗೆಮನೆ ತೆರೆದಿರುವ ಹೊತ್ತು ಬೇರೆ. ಮಧ್ಯಾಹ್ನ ಎರಡೂವರೆಗೆ ಮುಚ್ಚಿ ಸಂಜೆ ಆರಕ್ಕೆ ತೆರೆಯುವ, ರಾತ್ರಿ ಎಂಟೂವರೆ ಒಂಬತ್ತಕ್ಕೆ ಒಲೆ ಆರಿಸುವ ಅಡುಗೆಮನೆಗಳು ಬೇಕಾದಷ್ಟಿವೆ. ನಾನು ಬಂದ ಮೊದಲ ವರ್ಷ ಗೆಳೆಯನ ಕುಟುಂಬವನ್ನು ಕಟ್ಟಿಕೊಂಡು ರಾತ್ರಿ 9.15ಕ್ಕೆ ಒಂದು ಹಳ್ಳಿಯ ಪಬ್ಬಿಗೆ ಹೋದೆ. ದೀಪ ಉರಿಯುತ್ತಿತ್ತು, ಜನ ತುಂಬಿದ್ದರು, ಅಡುಗೆಯವನು ಮಾತ್ರ ಕೋಟು ಹಾಕಿಕೊಂಡು ಹೊರಡುತ್ತಿದ್ದ. ಆ ರಾತ್ರಿ ಆರು ಜನ ಎಂಟು ಪೊಟ್ಟಣ ಕ್ರಿಸ್ಪ್ಸ್ (ನಾವು ಆಲೂ ಚಿಪ್ಸ್ ಎನ್ನುವುದು) ತಿಂದು ಮನೆಗೆ ಬಂದು ಉಪ್ಪಿಟ್ಟು ಮಾಡಿಕೊಂಡೆವು. ಹಿಂದೆ ಮಧ್ಯಾಹ್ನ ಪಬ್ಬೇ ಮುಚ್ಚುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕುಡಿದು ಕೆಲಸ ಕೆಡಿಸಬಾರದೆಂದು ತಂದ ನಿರ್ಬಂಧ ಅದು. ಯುದ್ಧ ಮುಗಿದು 70 ವರ್ಷ ಕಳೆದ ಮೇಲೆ, 1988ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ಸಡಿಲಿಸಿದರು.

ಹಳೆಯ ಇನ್

ಮಧ್ಯಯುಗದ ಇಂಗ್ಲೆಂಡಿನಲ್ಲಿ ಕುಡಿಯುವ ಮನೆಗಳು ಮೂರು ಬಗೆ. ಏಲ್ ಹೌಸ್ ಎಂದರೆ ಹೆಚ್ಚುಕಡಿಮೆ ಯಾರದೋ ಮನೆಯ ಮುಂಕೋಣೆ. ಮನೆಯೊಡತಿ ಏಲ್ ಎಂಬ ಬಿಯರ್ ಕಾಯಿಸಿ, ತಯಾರಾಯಿತು ಎಂದು ತಿಳಿಸಲು ಹೊರಗೆ ಕೋಲಿಗೆ ಸೊಪ್ಪಿನ ಕಟ್ಟು ನೇತುಹಾಕುತ್ತಿದ್ದಳು. ಟ್ಯಾವರ್ನ್ ಎಂದರೆ ದ್ರಾಕ್ಷಿ ಮದ್ಯದ, ಸ್ವಲ್ಪ ದುಡ್ಡಿರುವವರ ಜಾಗ. ಇನ್ ಎಂದರೆ ಛತ್ರವಿದ್ದಂತೆ: ಮನುಷ್ಯರಿಗೆ ಮಂಚ, ಕುದುರೆಗೆ ಲಾಯ, ಇಬ್ಬರಿಗೂ ಮೇವು. ಕುದುರೆ ಸಾರೋಟುಗಳ ಕಾಲದಲ್ಲಿ ಇವು ಮೆರೆದವು. ರೈಲು ಬಂದ ಮೇಲೆ ಸೊರಗಿದವು. ಲಂಡನ್ನಿನ ಸದರ್ಕ್‌ನಲ್ಲಿರುವ ಜಾರ್ಜ್ ಇನ್ 1677ರಲ್ಲಿ ಮತ್ತೆ ಕಟ್ಟಿದ್ದು. ಮರದ ಮೊಗಸಾಲೆಗಳಿರುವ ಸಾರೋಟು ಇನ್‌ಗಳಲ್ಲಿ ಲಂಡನ್ನಿನಲ್ಲಿ ಉಳಿದಿರುವುದು ಅದೊಂದೇ. ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನ ಒಡೆತನದಲ್ಲಿದೆ, ಒಳಗೆ ಇನ್ನೂ ಪಬ್ ನಡೆಯುತ್ತದೆ.

ಹಳ್ಳಿಗಾಡಿನ ಇನ್‌ಗಳ ಬಲ ಊಟ. ಪೈ (ಹಿಟ್ಟಿನ ಹೊದಿಕೆಯೊಳಗೆ ಮಾಂಸ, ತರಕಾರಿ ತುಂಬಿ ಬೇಯಿಸಿದ್ದು), ಮೀನು ಮತ್ತು ಚಿಪ್ಸ್ (ಇಲ್ಲಿ ಚಿಪ್ಸ್ ಎಂದರೆ ಕರಿದ ದಪ್ಪ ಆಲೂಗಡ್ಡೆ ತುಂಡು), ಭಾನುವಾರದ ರೋಸ್ಟ್, ಅಂದರೆ ಹುರಿದ ಮಾಂಸ, ಆಲೂಗಡ್ಡೆ, ಗ್ರೇವಿಯ ಊಟ. ಅಪ್ಪ, ಅಮ್ಮ, ಮಕ್ಕಳಿದ್ದರೆ ಇಲ್ಲಿಗೇ ಹೋಗಿ: ಅಗಲ ಮೇಜು, ಬೆಂಕಿಗೂಡು, ಹಿಂದೆ ಹುಲ್ಲು ಹಾಸಿನ ತೋಟ. ತೊಂದರೆ ಏನೆಂದರೆ ಬಸ್ಸು ಇರುವುದಿಲ್ಲ, ಕಾರು ಬೇಕು, ಕಾರು ಓಡಿಸುವವರು ಕುಡಿಯುವಂತಿಲ್ಲ. ಇಂಗ್ಲೆಂಡಿನ ಕಾನೂನು 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್‌ವರೆಗೆ ಬಿಡುತ್ತದೆ, ಸ್ಕಾಟ್ಲೆಂಡಿನದು 50. ಈ ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಒಬ್ಬರು ನಿಂಬೆ ಸೋಡಾ ಕುಡಿಯುವುದು ಒಳ್ಳೆಯದು. ಬೆಲೆ ಮಧ್ಯಮಕ್ಕಿಂತ ತುಸು ಮೇಲೆ. ನಾನು ಹೋಗುವ ಕಡೆಗಳಲ್ಲಿ ರೋಸ್ಟ್ ಊಟಕ್ಕೆ 16ರಿಂದ 22 ಪೌಂಡ್ ಆಗುತ್ತದೆ.

ರೋಸ್ಟ್ ವಿಷಯ ಬಂದಿತಲ್ಲ, ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ತಟ್ಟೆಯಲ್ಲಿ ಮಾಂಸ ಬೇಡ, ಉಳಿದದ್ದು ಕೊಡಿ ಎಂದರೆ ಸಾಲದು. ಆಲೂಗಡ್ಡೆಯನ್ನು ದನದ ಅಥವಾ ಬಾತುವಿನ ಕೊಬ್ಬಿನಲ್ಲಿ ಹುರಿದಿರಬಹುದು. ಗ್ರೇವಿ ಮಾಂಸದ ರಸದ್ದು. ಯಾರ್ಕ್‌ಷೈರ್ ಪುಡ್ಡಿಂಗ್ ಎಂಬುದು ಹೆಸರಿಗೆ ಪುಡ್ಡಿಂಗ್, ಸಿಹಿಯಲ್ಲ. ಮೊಟ್ಟೆ, ಹಾಲು, ಮೈದಾದ ಹಿಟ್ಟನ್ನು ಕಾದ ಕೊಬ್ಬಿಗೆ ಹೊಯ್ದು ಉಬ್ಬಿಸಿದ್ದು. ಹಿಂದೆ ಬೇಯುವ ಮಾಂಸದ ಕೆಳಗೇ ಈ ಹಿಟ್ಟಿನ ತಟ್ಟೆ ಇಟ್ಟು, ಮೇಲಿಂದ ತೊಟ್ಟಿಕ್ಕುವ ಕೊಬ್ಬನ್ನು ಹಿಡಿಯುತ್ತಿದ್ದರು. ಮಾಂಸ ದುಬಾರಿ, ಹಿಟ್ಟು ಅಗ್ಗ. ಮೊದಲು ಪುಡ್ಡಿಂಗ್ ಬಡಿಸಿ ಹೊಟ್ಟೆ ತುಂಬಿಸಿದರೆ ಮಾಂಸ ಕಡಿಮೆ ಸಾಕು ಎಂಬ ಮನೆವಾರ್ತೆಯ ಲೆಕ್ಕ. ನಟ್ ರೋಸ್ಟ್ ಎಂಬ ಗೋಡಂಬಿ, ವಾಲ್‌ನಟ್ ಕಡುಬಿನಂಥದ್ದು ಸಸ್ಯಾಹಾರಿಗಳಿಗೆಂದೇ ಇರುತ್ತದೆ. ಅದರ ಜೊತೆ ಬರುವ ಆಲೂಗಡ್ಡೆ, ಗ್ರೇವಿಗಳೂ ಸಸ್ಯಾಹಾರವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಅಪ್ಪನಿಗೆ ಒಗ್ಗಿದ್ದು ಪ್ಲೌಮನ್ಸ್ ಲಂಚ್. ಮರದ ಹಲಗೆಯ ಮೇಲೆ ದಪ್ಪ ಚೆಡ್ಡರ್ ಚೀಸ್ ತುಂಡು, ಗಟ್ಟಿ ಬ್ರೆಡ್, ಬೆಣ್ಣೆ, ವಿನಿಗರ್‌ನಲ್ಲಿ ನೆನೆದ ಈರುಳ್ಳಿ, ಅರ್ಧ ಸೇಬು, ಮತ್ತು ಒಂದು ಬಟ್ಟಲು ಕಪ್ಪನೆಯ ಸಿಹಿಹುಳಿ ಉಪ್ಪಿನಕಾಯಿ. ಅಪ್ಪ ಉಪ್ಪಿನಕಾಯಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡು, "ಖಾರ ಹಾಕುವುದನ್ನು ಮರೆತಿದ್ದಾರೆ" ಎಂದರು. ಆಮೇಲೆ ಪೂರ್ತಿ ಬಟ್ಟಲು ಖಾಲಿ ಮಾಡಿದರು. ಉಳುವವನ ಊಟ ಎಂಬ ಹೆಸರು ಕೇಳಿ ಇದು ಸಾವಿರ ವರ್ಷದ ಪದ್ಧತಿ ಎಂದು ಕಣ್ಣರಳಿಸಬೇಡಿ. ಹೊಲದ ಕೆಲಸದವರು ಬ್ರೆಡ್ಡು, ಚೀಸು ತಿನ್ನುತ್ತಿದ್ದುದು ನಿಜವೇ. ಆದರೆ ಈ ಹೆಸರಿನ ತಟ್ಟೆಯನ್ನು ಪಬ್ಬುಗಳಲ್ಲಿ ಹಬ್ಬಿಸಿದ್ದು 1950ರ ದಶಕದಲ್ಲಿ, ಯುದ್ಧಕಾಲದ ಪಡಿತರ ಮುಗಿದ ಮೇಲೆ ಚೀಸ್ ಮಾರಾಟ ಹೆಚ್ಚಿಸಲು ಹೊರಟ ಚೀಸ್ ಬ್ಯೂರೋ. 1960ರ ದಶಕದಲ್ಲಿ ಮಿಲ್ಕ್ ಮಾರ್ಕೆಟಿಂಗ್ ಬೋರ್ಡ್ ಅದನ್ನು ಇನ್ನಷ್ಟು ಮುಂದೆ ಒಯ್ದಿತು. ಜಾಹೀರಾತಿನಿಂದ ಹುಟ್ಟಿದ್ದಾದರೂ ಊಟ ಚೆನ್ನಾಗಿದೆ, ನನಗೇನೂ ತಕರಾರಿಲ್ಲ. ಕೆಲವು ಕಡೆ ಹ್ಯಾಮ್ (ಹಂದಿಮಾಂಸ) ಸೇರಿಸುತ್ತಾರೆ, ಬೇಡವೆನ್ನಿ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿದ ಚೀಸ್ ಬೇಡ ಎನ್ನುವಷ್ಟು ಕಟ್ಟುನಿಟ್ಟಿನವರು ಆ ಮಾತನ್ನೂ ಕೇಳಬೇಕಾಗುತ್ತದೆ.

ಪೈ ಬಗ್ಗೆ ಒಂದೇ ಮಾತು. ಬಟ್ಟಲಲ್ಲಿ ಸಾರು ಹಾಕಿ ಮೇಲೆ ಹಿಟ್ಟಿನ ಟೋಪಿ ಇಟ್ಟು ತಂದರೆ ಅದು ಪೈ ಅಲ್ಲ, ಮುಚ್ಚಳವಿರುವ ಸಾರು. ಸುತ್ತಲೂ ಹಿಟ್ಟಿನ ಗೋಡೆ ಇರಬೇಕು. ಬೇಡಿಕೆ ಸಲ್ಲಿಸುವ ಮುನ್ನ ಪಕ್ಕದ ಮೇಜನ್ನು ಓರೆಗಣ್ಣಿನಲ್ಲಿ ನೋಡಿ.

ನಗರದ ಮೂಲೆಯ ಪಬ್

ಕೆಂಪು ಇಟ್ಟಿಗೆ, ಹೂಬಳ್ಳಿ ಕೆತ್ತಿದ ಮಬ್ಬು ಗಾಜು, ಹೊಳೆಯುವ ಹೆಂಚಿನ ಗೋಡೆ. ಮ್ಯಾಂಚೆಸ್ಟರ್, ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್, ಲಂಡನ್ ಎಲ್ಲಿ ನೋಡಿದರೂ ಬೀದಿ ಮೂಲೆಯಲ್ಲಿ ಕಾಣುವುದು ಇದು. ಇದರ ಹಿಂದೆ ಜಿನ್ ಎಂಬ ಕಟು ಮದ್ಯದ ಕಥೆಯಿದೆ. 18ನೆಯ ಶತಮಾನದಲ್ಲಿ ಲಂಡನ್ನಿನ ಬಡವರು ಅಗ್ಗದ ಜಿನ್‌ಗೆ ಬಿದ್ದು ಹಾಳಾಗುತ್ತಿದ್ದರು. 1736, 1751ರ ಕಾಯಿದೆಗಳು ಅದಕ್ಕೆ ಕಡಿವಾಣ ಹಾಕಲು ಬಂದವು. ಬಿಯರ್ ಕುಡಿದರೆ ಪರವಾಗಿಲ್ಲ, ಜಿನ್ ಬೇಡ ಎಂಬ ಯೋಚನೆ ಸರ್ಕಾರದ ತಲೆಯಲ್ಲಿ ಹಾಗೆಯೇ ಉಳಿದು, 1830ರ ಬಿಯರ್ ಕಾಯಿದೆಯಾಯಿತು. ತೆರಿಗೆ ಕಟ್ಟುವ ಯಾವ ಮನೆಯವನೂ ಎರಡು ಗಿನಿ (ಆಗಿನ ನಾಣ್ಯ) ಶುಲ್ಕ ಕೊಟ್ಟು ಬಿಯರ್ ಮಾರಬಹುದು. ಕೆಲವೇ ವರ್ಷಗಳಲ್ಲಿ ಸಾವಿರಾರು ಮನೆಗಳ ಮುಂಕೋಣೆಗಳು ಬಿಯರ್ ಅಂಗಡಿಗಳಾದವು. ಶತಮಾನದ ಕೊನೆಯ ಹೊತ್ತಿಗೆ ಬ್ರೂವರಿಗಳು, ಅಂದರೆ ಬಿಯರ್ ತಯಾರಿಸುವ ಕಂಪನಿಗಳು, ಪೈಪೋಟಿಯಿಂದ ಅರಮನೆಯಂಥ ಪಬ್ಬುಗಳನ್ನು ಕಟ್ಟಿಸಿದವು. ಲಿವರ್‌ಪೂಲಿನ ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್‌ನ ಗಂಡಸರ ಶೌಚಾಲಯ ನೋಡಲೆಂದೇ ಜನ ಬರುತ್ತಾರೆ, ಅಷ್ಟು ಅಮೃತಶಿಲೆ ಅಲ್ಲಿದೆ.

ಈ ಪಬ್ಬುಗಳಲ್ಲಿ ವರ್ಗಭೇದ ಗೋಡೆಯಾಗಿಯೇ ನಿಂತಿತ್ತು. ಪಬ್ಲಿಕ್ ಬಾರ್‌ನಲ್ಲಿ ಬರಿ ನೆಲ, ಮರದ ಬೆಂಚು, ಕೂಲಿಕಾರರು. ಸಲೂನ್ ಬಾರ್‌ನಲ್ಲಿ ರತ್ನಗಂಬಳಿ, ಮೆತ್ತನೆಯ ಕುರ್ಚಿ, ಅದೇ ಬಿಯರಿಗೆ ತುಸು ಹೆಚ್ಚು ಬೆಲೆ. ಗಲ್ಲೆಯ ಮೇಲೆ ಮುಖದ ಎತ್ತರಕ್ಕೆ ತಿರುಗುವ ಸಣ್ಣ ಗಾಜಿನ ಕಿಟಕಿಗಳು ಕೆಲವು ಕಡೆ ಈಗಲೂ ಇವೆ. ಕುಡಿಯುವ ಸಾಹೇಬರ ಮುಖ ಬಡಿಸುವವನಿಗೆ ಕಾಣಬಾರದೆಂದು!

ಇಲ್ಲಿ ಊಟ ಕೇಳಬೇಡಿ. ಇಲ್ಲಿ ಇರುವುದು ಕುರುಕಲು: ಕ್ರಿಸ್ಪ್ಸ್, ಉಪ್ಪು ಕಡಲೆಬೀಜ, ಹಂದಿಯ ಚರ್ಮ ಕರಿದು ಉಪ್ಪು ಹಾಕಿದ ಸ್ಕ್ರ್ಯಾಚಿಂಗ್ಸ್, ಗಲ್ಲೆಯ ಮೇಲಿನ ದೊಡ್ಡ ಗಾಜಿನ ಭರಣಿಯಲ್ಲಿ ವಿನಿಗರ್‌ನೊಳಗೆ ತೇಲುವ ಬೇಯಿಸಿದ ಮೊಟ್ಟೆ. ಮೊಟ್ಟೆಯನ್ನು ಕ್ರಿಸ್ಪ್ಸ್ ಪೊಟ್ಟಣದೊಳಗೇ ಹಾಕಿ ಕುಲುಕಿ ತಿನ್ನುವವರಿದ್ದಾರೆ. ನಾನು ಒಮ್ಮೆ ಮಾಡಿ ನೋಡಿದೆ, ಎರಡನೆಯ ಬಾರಿ ಮಾಡಿಲ್ಲ. ನಾನಿರುವ ಮಿಡ್‌ಲ್ಯಾಂಡ್ಸ್ ಸೀಮೆಯಲ್ಲಿ ಇನ್ನೊಂದು ಒಳ್ಳೆಯದು ಸಿಗುತ್ತದೆ, ಕಾಬ್. ದುಂಡು ಬ್ರೆಡ್ಡಿನೊಳಗೆ ಬೆರಳು ದಪ್ಪದ ಚೀಸ್, ಹಸಿ ಈರುಳ್ಳಿಯ ಬಿಲ್ಲೆ, ಅಷ್ಟೇ. ಬೆಳಿಗ್ಗೆ ಮಾಡಿ ಗಲ್ಲೆಯ ಮೇಲೆ ಮುಚ್ಚಿಟ್ಟಿರುತ್ತಾರೆ, ಮಧ್ಯಾಹ್ನ ಎರಡರ ಹೊತ್ತಿಗೆ ಖಾಲಿ. ಸಸ್ಯಾಹಾರಿ ವಿದ್ಯಾರ್ಥಿಯ ಪಾಲಿಗೆ ಇಡೀ ಇಂಗ್ಲೆಂಡಿನಲ್ಲಿ ಇದಕ್ಕಿಂತ ಅಗ್ಗದ, ಗೊಂದಲವಿಲ್ಲದ ಪಬ್ ತಿಂಡಿ ನನಗೆ ಕಂಡಿಲ್ಲ.

ಇಂಥ ಪಬ್ಬಿಗೆ ಹೋಗಬೇಕಾದದ್ದು ಒಳ್ಳೆಯ ಬಿಯರ್‌ಗೆ, ಮಾತಿಗೆ, ಕ್ವಿಜ್ ನಡೆಯುವ ಸಂಜೆಗೆ. ಒಬ್ಬರೇ ಹೋಗಲು, ಕಚೇರಿಯ ಒಬ್ಬ ಗೆಳೆಯನ ಜೊತೆ ಹೋಗಲು ಇದೇ ಸರಿ. ಮಕ್ಕಳನ್ನು ಕರೆದೊಯ್ಯಬೇಡಿ.

ಗ್ಯಾಸ್ಟ್ರೋಪಬ್

1991ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಮೈಕೆಲ್ ಬೆಲ್ಬೆನ್, ಡೇವಿಡ್ ಐರ್ ಇಬ್ಬರೂ ಸೇರಿ ಈಗಲ್ ಎಂಬ ಪಬ್ಬನ್ನು ವಹಿಸಿಕೊಂಡು, ಗಲ್ಲೆಯ ಹಿಂದೆಯೇ ಎಲ್ಲರಿಗೂ ಕಾಣುವಂತೆ ಒಲೆ ಹೂಡಿದರು. ಅಡುಗೆಗೇ ಹೆಸರಾದ ಪಬ್ಬಿಗೆ ಗ್ಯಾಸ್ಟ್ರೋಪಬ್ ಎಂಬ ಪದ ಅಲ್ಲಿಂದ ಹುಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಬಂದ ಬಿಯರ್ ಆರ್ಡರ್ಸ್ ಎಂಬ ಸರ್ಕಾರಿ ಆದೇಶ ದೊಡ್ಡ ಬ್ರೂವರಿಗಳ ಪಬ್ ಹಿಡಿತವನ್ನು ಸಡಿಲಿಸಿತ್ತು. ಪಬ್ಬುಗಳು ಮಾರಾಟಕ್ಕೆ, ಗುತ್ತಿಗೆಗೆ ಬಂದವು, ಹೋಟೆಲ್ ತೆರೆಯುವಷ್ಟು ಬಂಡವಾಳವಿಲ್ಲದ ಅಡುಗೆಯವರಿಗೆ ಅವಕಾಶವಾಯಿತು. ಮಾರ್ಲೋ ಊರಿನ ಹ್ಯಾಂಡ್ ಅಂಡ್ ಫ್ಲವರ್ಸ್ ಮುಂದೆ ಒಳ್ಳೆಯ ಅಡುಗೆಗೆ ಕೊಡುವ ಮಿಷೆಲಿನ್ ನಕ್ಷತ್ರಗಳಲ್ಲಿ ಎರಡನ್ನು ಪಡೆದ ಮೊದಲ ಪಬ್ ಆಯಿತು.

ಅಡುಗೆ ಚೆನ್ನಾಗಿರುತ್ತದೆ, ಸಸ್ಯಾಹಾರಿಗಳಿಗೆ ಯೋಚಿಸಿ ಮಾಡಿದ ಒಂದೆರಡು ಬಗೆ ಇರುತ್ತವೆ. ಆದರೆ ತಲೆಗೆ 35, 40 ಪೌಂಡ್ ಆಗುವುದು ಗೊತ್ತೇ ಆಗುವುದಿಲ್ಲ. ಎಷ್ಟೋ ಕಡೆ ಹೆಸರಿಗೆ ಮಾತ್ರ ಪಬ್. ಸುಮ್ಮನೆ ಒಂದು ಬಿಯರ್ ಹಿಡಿದು ಕೂರಲು ಮೇಜು ಕೊಡುವುದಿಲ್ಲ. ವಿವಾಹದ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ. ಪಬ್ ಎಂದರೇನು ಎಂದು ತಿಳಿಯಲು ಹೋಗುತ್ತಿದ್ದರೆ ಇಲ್ಲಿಂದ ಆರಂಭಿಸಬೇಡಿ.

ಸರಪಳಿ ಪಬ್

ಟಿಮ್ ಮಾರ್ಟಿನ್ 1979ರಲ್ಲಿ ಉತ್ತರ ಲಂಡನ್ನಿನ ಮಸ್‌ವೆಲ್ ಹಿಲ್‌ನಲ್ಲಿ ಆರಂಭಿಸಿದ ವೆದರ್‌ಸ್ಪೂನ್ ಈಗ ಹೆಚ್ಚುಕಡಿಮೆ ಪ್ರತಿ ಊರಿನಲ್ಲಿದೆ. ಹಳೆಯ ಸಿನಿಮಾ ಮಂದಿರ, ಬ್ಯಾಂಕು, ಅಂಚೆ ಕಚೇರಿಗಳನ್ನು ಕೊಂಡು ಪಬ್ ಮಾಡುವುದು ಇವರ ರೂಢಿ. ಬೆಳಿಗ್ಗೆ ತಿಂಡಿಯಿಂದ ರಾತ್ರಿಯವರೆಗೆ ಅಡುಗೆಮನೆ ತೆರೆದಿರುತ್ತದೆ. ಪಟ್ಟಿಯಲ್ಲಿ ಸಸ್ಯಾಹಾರದ ಗುರುತು ಇರುತ್ತದೆ. ಮೊಬೈಲಿನಲ್ಲೇ ಹೇಳಿದರೆ ಮೇಜಿಗೆ ತಂದಿಡುತ್ತಾರೆ. ವಿದ್ಯಾರ್ಥಿಯ ಜೇಬಿಗೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ರುಚಿ ಎಲ್ಲ ಊರಲ್ಲೂ ಒಂದೇ, ಕೆಟ್ಟದ್ದೂ ಅಲ್ಲ, ನೆನಪಿಡುವಂಥದ್ದೂ ಅಲ್ಲ. ಇಷ್ಟು ಸಾಕು ಇದರ ಬಗ್ಗೆ.

ದೇಸಿ ಪಬ್

ಇದರ ಬಗ್ಗೆ ಮಾತ್ರ ಇಷ್ಟಕ್ಕೆ ಬಿಡಲಾರೆ. ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆಥಿಕ್, ವೆಸ್ಟ್ ಬ್ರಾಮ್‌ವಿಚ್ ಊರುಗಳಲ್ಲಿ 1950ರ ದಶಕದಿಂದ ಪಂಜಾಬಿನವರು ಎರಕದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದರು. ಇಡೀ ದಿನ ಕಾದ ಕಬ್ಬಿಣದ ಮುಂದೆ ನಿಂತವನಿಗೆ ಸಂಜೆ ಒಂದು ಪೈಂಟ್ ಬಿಯರ್ ಬೇಕು. ಪಬ್ಬುಗಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ, ಇಲ್ಲವೇ ಒಂದು ಕೋಣೆಗೆ ಸೀಮಿತಗೊಳಿಸುತ್ತಿದ್ದವು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದರ ವಿರುದ್ಧ ಹೋರಾಡಿತು. ಅದರ ಅವತಾರ್ ಸಿಂಗ್ ಜೌಹಲ್ ಅವರ ಕರೆಯ ಮೇಲೆ 1965ರ ಫೆಬ್ರವರಿ 12ರಂದು ಸ್ಮೆಥಿಕ್‌ಗೆ ಬಂದವರು ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಂ ಎಕ್ಸ್. ಬ್ಲೂ ಗೇಟ್ಸ್ ಎಂಬ ಪಬ್ಬಿನಲ್ಲಿ ಬಿಳಿಯರಿಗೆ ಮೀಸಲಾದ ಕೋಣೆಯಲ್ಲಿ ಅವರಿಗೆ ಏನೂ ಕೊಡಲಿಲ್ಲ. ಒಂಬತ್ತು ದಿನಗಳ ನಂತರ ನ್ಯೂಯಾರ್ಕ್‌ನಲ್ಲಿ ಅವರ ಕೊಲೆಯಾಯಿತು. ಸಾರ್ವಜನಿಕ ಜಾಗಗಳಲ್ಲಿ ಜನಾಂಗಭೇದವನ್ನು ನಿಷೇಧಿಸುವ ಬ್ರಿಟನ್ನಿನ ಮೊದಲ ಕಾಯಿದೆ ಬಂದದ್ದು ಅದೇ ವರ್ಷದ ಕೊನೆಯಲ್ಲಿ.

ಮುಂದೆ ಅದೇ ಸೀಮೆಯ ಪಬ್ಬುಗಳನ್ನು ಭಾರತೀಯರೇ ವಹಿಸಿಕೊಳ್ಳತೊಡಗಿದರು. ಡಾರ್ಟ್ ಹಲಗೆ ಹಾಗೆಯೇ ಉಳಿಯಿತು, ಮೂಲೆಯಲ್ಲಿ ಕೂತು ಮೈಲ್ಡ್ ಎಂಬ ಹಗುರ ಬಿಯರ್ ಕುಡಿಯುವ ಹಳೆಯ ಗಿರಾಕಿಯೂ ಉಳಿದ. ಹಿಂದುಗಡೆ ಕೆಂಡದ ಒಲೆ ಬಂತು. ಲಂಡನ್ನಿನ ಸೌತಾಲ್‌ನಲ್ಲಿದ್ದ ಗ್ಲಾಸಿ ಜಂಕ್ಷನ್ ಎಂಬ ಪಬ್ಬು ರೂಪಾಯಿಯನ್ನೂ ತೆಗೆದುಕೊಳ್ಳುತ್ತಿತ್ತು. ಅದು ಈಗ ಮುಚ್ಚಿದೆ. ವೆಸ್ಟ್ ಬ್ರಾಮ್‌ವಿಚ್‌ನ ವೈನ್, ಫುಟ್‌ಬಾಲ್ ಪಂದ್ಯದ ದಿನ ನಿಲ್ಲಲು ಜಾಗವಿಲ್ಲದಷ್ಟು ತುಂಬಿರುತ್ತದೆ.

ಇಲ್ಲಿ ಕೇಳಬೇಕಾದದ್ದು ಮಿಕ್ಸೆಡ್ ಗ್ರಿಲ್. ಬರುವ ಮೊದಲೇ ಸದ್ದು ಕೇಳಿಸುತ್ತದೆ. ಕಾದ ಕಬ್ಬಿಣದ ತಟ್ಟೆಯ ಮೇಲೆ ಈರುಳ್ಳಿಯ ಹಾಸು, ಅದರ ಮೇಲೆ ಕೋಳಿ ಟಿಕ್ಕಾ, ಸೀಖ್ ಕಬಾಬ್, ಕೋಳಿ ರೆಕ್ಕೆ, ಮಸಾಲೆ ಮೀನು. ಮೇಜಿನ ಪಕ್ಕ ನಿಂತು ನಿಂಬೆ ಹಿಂಡಿದೊಡನೆ ಹೊಗೆ ಎದ್ದು ಕನ್ನಡಕ ಮಂಜಾಗುತ್ತದೆ. ತಟ್ಟೆಯ ಅಂಚಿನಲ್ಲಿ ಕರಕಲಾದ ಈರುಳ್ಳಿಗಾಗಿ ನಮ್ಮ ಮನೆಯಲ್ಲಿ ಜಗಳವಾಗುತ್ತದೆ. ಇಬ್ಬರಿಗೆ ಸಾಕಾಗುವುದು 25 ಪೌಂಡ್ ಆಸುಪಾಸು. ಸಸ್ಯಾಹಾರಿಗಳಿಗೆ ಚಿಲ್ಲಿ ಪನೀರ್, ಮಸಾಲೆ ಚಿಪ್ಸ್, ಮತ್ತು ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿಗಳ ಕೊಡುಗೆಯಾದ ಮೊಗೊ, ಅಂದರೆ ನಮ್ಮ ಮರಗೆಣಸು ಕರಿದು ಮಸಾಲೆ ಹಚ್ಚಿದ್ದು. ದೋಸೆ, ಸಾರು ಹುಡುಕಬೇಡಿ, ಇದು ಉತ್ತರದವರ ಕೈರುಚಿ. ಕೋಳಿ ಮತ್ತು ಪನೀರ್ ಒಂದೇ ಒಲೆಯಲ್ಲಿ ಬೇಯುತ್ತವೆ ಎಂಬುದೂ ಗೊತ್ತಿರಲಿ. ಗೆಳೆಯರ ದೊಡ್ಡ ಗುಂಪು, ಬೆರಕೆ ಅಭಿರುಚಿ, ಹಿಡಿತದ ಖರ್ಚು ಇದ್ದರೆ ನನ್ನ ಮೊದಲ ಸಲಹೆ ಇದೇ.

ಏನು ಕುಡಿಯುವುದು

ಹೊಸಬರು ಗಲ್ಲೆಯ ಮುಂದೆ ನಿಂತು ತಬ್ಬಿಬ್ಬಾಗಿ ಪರಿಚಯದ ಹೆಸರಿನ ಲಾಗರ್ ಕೇಳಿಬಿಡುತ್ತಾರೆ. ತಣ್ಣಗೆ, ನೊರೆನೊರೆಯಾಗಿ, ಬೆಂಗಳೂರಿನಲ್ಲಿ ಕುಡಿದಂತೆಯೇ ಇರುತ್ತದೆ. ಬಿಸಿಲಿನ ದಿನ ಅದೂ ಸರಿಯೇ. ಆದರೆ ಇಂಗ್ಲೆಂಡಿನ ಪಬ್ಬಿಗೇ ವಿಶೇಷವಾದದ್ದು ಕ್ಯಾಸ್ಕ್ ಏಲ್.

ಗಲ್ಲೆಯ ಮೇಲೆ ಉದ್ದ ಹಿಡಿಕೆಗಳು ನಿಂತಿರುತ್ತವೆ. ಬಡಿಸುವವಳು ಲೋಟವನ್ನು ಓರೆ ಹಿಡಿದು ಹಿಡಿಕೆಯನ್ನು ತನ್ನೆಡೆಗೆ ನಿಧಾನವಾಗಿ ಎಳೆಯುತ್ತಾಳೆ; ನಮ್ಮ ಊರಿನ ಕೈಪಂಪಿನ ಹಾಗೆಯೇ, ನೀರಿನ ಬದಲು ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಏರಿ ಬರುತ್ತದೆ. ಎರಡು ಮೂರು ಎಳೆತ, ಒಂದು ಕ್ಷಣ ತಡೆದು ನೊರೆ ಇಳಿಯಲು ಬಿಟ್ಟು ಕೊನೆಗೆ ಅರ್ಧ ಎಳೆತ. ಯಂತ್ರದಿಂದ ತುಂಬಿಸುವ ಅನಿಲವಿಲ್ಲ. ಈ ಬಿಯರ್ ಪೀಪಾಯಿಯೊಳಗೇ ಯೀಸ್ಟ್ ಜೊತೆ ಇನ್ನೂ ಹುದುಗುತ್ತಿರುತ್ತದೆ, ರುಬ್ಬಿಟ್ಟ ಇಡ್ಲಿ ಹಿಟ್ಟಿನಂತೆ ಜೀವಂತ. ಆದ್ದರಿಂದಲೇ ಪೀಪಾಯಿ ತೆರೆದ ಮೂರು ನಾಲ್ಕು ದಿನಗಳಲ್ಲಿ ಖಾಲಿಯಾಗಬೇಕು, ಇಲ್ಲವಾದರೆ ಹುಳಿಯಾಗುತ್ತದೆ. ಜನ ಬರದ ಪಬ್ಬಿನಲ್ಲಿ ಇದನ್ನು ಕುಡಿಯಬಾರದು. "ಬಿಸಿ ಬಿಯರ್" ಎಂದು ಮೂಗು ಮುರಿಯುವವರಿಗೆ: ಅದು ನೆಲಮಾಳಿಗೆಯ ತಂಪು, ಸುಮಾರು 11ರಿಂದ 13 ಡಿಗ್ರಿ. ಮಡಕೆಯ ನೀರಿನ ತಂಪು ಅಂದುಕೊಳ್ಳಿ. 1971ರಲ್ಲಿ ಹುಟ್ಟಿದ ಕಾಮ್ರಾ ಎಂಬ ಕುಡಿಯುವವರ ಸಂಘ ಹೋರಾಡದಿದ್ದರೆ ಅನಿಲ ತುಂಬಿದ ಕಾರ್ಖಾನೆ ಬಿಯರಿನ ನಡುವೆ ಇದು ಹೆಸರಿಲ್ಲದೆ ಹೋಗುತ್ತಿತ್ತೇನೋ.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಏಲ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟನ್ನು ಪೀಪಾಯಿಗೆ ಹಾಕುವುದು ಹಳೆಯ ರೂಢಿ. ಅದು ಗಸಿಯೊಂದಿಗೆ ತಳಕ್ಕೆ ಇಳಿಯುತ್ತದೆ ನಿಜ, ಆದರೂ ಮೀನು ಮೀನೇ. ಹಿಡಿಕೆಯ ಮೇಲಿನ ಬಿಲ್ಲೆಯಲ್ಲಿ ವೀಗನ್ (ಪ್ರಾಣಿಯಿಂದ ಬಂದದ್ದೇನೂ ಇಲ್ಲದ್ದು) ಗುರುತಿದ್ದರೆ ಚಿಂತೆಯಿಲ್ಲ. ಹೆಸರಾಂತ ಕಪ್ಪು ಬಿಯರ್ ಗಿನ್ನೆಸ್ ಈ ಅಂಟನ್ನು ಬಿಟ್ಟು ವರ್ಷಗಳಾದವು.

ಏಲ್‌ಗಳಲ್ಲಿ ಬಿಟರ್ ಎಂಬುದು ಹೆಸರೇ ಹೇಳುವಂತೆ ತುಸು ಕಹಿ, ತಾಮ್ರದ ಬಣ್ಣ, ಆಲ್ಕೋಹಾಲ್ 4% ಸುತ್ತಮುತ್ತ. ಮೈಲ್ಡ್ ಕಪ್ಪು, ಮೃದು, ಇನ್ನೂ ಹಗುರ. ಕಾರ್ಖಾನೆ ಕೆಲಸಗಾರರ ದಾಹಕ್ಕೆಂದು ಉಳಿದುಬಂದದ್ದು. ಸ್ಟೌಟ್ ಎಂಬ ಕಡುಗಪ್ಪು ಬಿಯರಿನ ತಾಯಿ ಪೋರ್ಟರ್, 18ನೆಯ ಶತಮಾನದ ಲಂಡನ್ನಿನ ಹಮಾಲಿಗಳಿಂದ ಆ ಹೆಸರು ಬಂತು. ಫಿಲ್ಟರ್ ಕಾಫಿಯ ಕಹಿ ಇಷ್ಟಪಡುವವರಿಗೆ ಬಿಟರ್‌ಗಿಂತ ಸ್ಟೌಟ್ ಬೇಗ ಒಗ್ಗುವುದನ್ನು ಹಲವರಲ್ಲಿ ಕಂಡಿದ್ದೇನೆ.

"ಇಂಡಿಯಾ ಪೇಲ್ ಏಲ್, ಐಪಿಎ ಇದೆಯಲ್ಲ, ನಮ್ಮದೇ?" ಎಂದು ಕೇಳುತ್ತಾರೆ. ನಮ್ಮದಲ್ಲ, ನಮ್ಮ ಮೇಲೆ ಆಳಲು ಬಂದವರದು. ಮದರಾಸು, ಕಲ್ಕತ್ತ, ಮುಂಬಯಿಯ ಇಂಗ್ಲಿಷರಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತಿಂಗಳುಗಟ್ಟಲೆ ಸಾಗಿಬರುತ್ತಿದ್ದ ಬಿಯರ್. ಕೆಡದಿರಲು ಹಾಪ್ಸ್ ಎಂಬ ಕಹಿ ಹೂವು ಹೆಚ್ಚು. ಮೊದಲು ಲಂಡನ್ನಿನ ಬೋ ಬಡಾವಣೆಯ ಹಾಡ್ಜ್‌ಸನ್ ಬ್ರೂವರಿ ಈ ವ್ಯಾಪಾರದಲ್ಲಿ ಮುಂದಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನವರು ಇಳಿದರು, ಅಲ್ಲಿನ ಜಿಪ್ಸಂ ತುಂಬಿದ ನೀರಿಗೆ ಈ ಬಿಯರ್ ಇನ್ನೂ ಚೆನ್ನಾಗಿ ಕೂಡಿಬಂತು. ಈಗಿನ ಕೆಲವು ಇಂಗ್ಲಿಷ್ ಐಪಿಎಗಳು 4%ಗಿಂತಲೂ ಹಗುರ; ಕ್ರಾಫ್ಟ್ ಬಗೆಯವು 6%, 7% ದಾಟುತ್ತವೆ. ಹೆಸರು ನೋಡಿ ಕುಡಿಯಬೇಡಿ, ಅಂಕಿ ನೋಡಿ.

ಸೈಡರ್ ವಿಷಯದಲ್ಲಿ ಬೇರೆ ಎಚ್ಚರ. ಸೇಬಿನ ರಸ ಎಂದುಕೊಂಡು ಊರಿಂದ ಬಂದ ಚಿಕ್ಕಮ್ಮನಿಗೆ ಕೊಡಿಸಿದವರ ಕಥೆ ನನಗೆ ಗೊತ್ತು. ಇಂಗ್ಲೆಂಡಿನಲ್ಲಿ ಸೈಡರ್ ಎಂದರೆ ಹುದುಗಿಸಿದ ಸೇಬು, ಅಮಲು ಬಿಯರಿಗಿಂತ ಜಾಸ್ತಿ ಇರುವುದೇ ಹೆಚ್ಚು. ಸಾಮರ್ಸೆಟ್, ಹೆರಿಫರ್ಡ್‌ಷೈರ್ ಕಡೆ ಹೋದಾಗ ಮಾತ್ರ ಬಿಡಬೇಡಿ. ಜಿಂಜರ್ ಬಿಯರ್ ಸಾಮಾನ್ಯವಾಗಿ ಬರೀ ಶುಂಠಿ ಪಾನಕ, ಆದರೆ ಆಲ್ಕೋಹಾಲ್ ಇರುವುದೂ ಸಿಗುತ್ತದೆ. ಕುಡಿಯದವರಿಗೆ ನಿಂಬೆ ಸೋಡಾ ಅಗ್ಗ, ಎಲ್ಡರ್‌ಫ್ಲವರ್ ಪಾನಕ ಪರಿಮಳದ್ದು, ಆಲ್ಕೋಹಾಲಿಲ್ಲದ ಸ್ಟೌಟ್ ಅಸಲಿಗೆ ಆಶ್ಚರ್ಯವಾಗುವಷ್ಟು ಹತ್ತಿರ.

ಪೈಂಟ್ ಎಂದರೆ 568 ಮಿಲಿಲೀಟರ್, ನಮ್ಮ 650ರ ಬಾಟಲಿಗಿಂತ ತುಸು ಕಡಿಮೆ. ಅರ್ಧ ಕೇಳಿದರೆ ಅವಮಾನವಲ್ಲ. ಕ್ಯಾಸ್ಕ್ ಏಲ್ ಆದರೆ ಮೊದಲು ಒಂದು ಗುಟುಕು ರುಚಿ ನೋಡಲು ಕೇಳಬಹುದು, ಕೊಡುತ್ತಾರೆ. ನಾನು ಹೋಗುವ ಊರುಗಳಲ್ಲಿ ಪೈಂಟಿಗೆ ನಾಲ್ಕರಿಂದ ಐದು ಪೌಂಡ್, ಲಂಡನ್ನಿನಲ್ಲಿ ಆರು ಏಳು. ಬೋರ್ಡಿನಲ್ಲಿ ಫ್ರೀ ಹೌಸ್ ಎಂದಿದ್ದರೆ ಪುಕ್ಕಟೆ ಎಂದಲ್ಲ. ಯಾವ ಬ್ರೂವರಿಗೂ ಕಟ್ಟುಬೀಳದೆ, ತನಗೆ ಬೇಕಾದ ಬಿಯರ್ ತರಿಸಿ ಮಾರುವ ಪಬ್ ಎಂದರ್ಥ. ಬಗೆಬಗೆಯದು ರುಚಿ ನೋಡಬೇಕೆಂದಿದ್ದರೆ ಅದನ್ನೇ ಹುಡುಕಿ. ಗುಂಪಿನಲ್ಲಿ ಹೋದಾಗ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸುವುದು ಪದ್ಧತಿ. ನೀವು ನಿಂಬೆ ಸೋಡಾ ಕುಡಿಯುವವರಾದರೂ ನಿಮ್ಮ ಸರದಿ ಬಂದಾಗ ಏಳಬೇಕು. ಇದು ನಷ್ಟದ ವ್ಯವಹಾರ ಅನಿಸಿದರೆ ಮೊದಲೇ "ನಾನು ನನ್ನದು ಮಾತ್ರ ನೋಡಿಕೊಳ್ಳುತ್ತೇನೆ" ಎಂದು ಹೇಳಿಬಿಡಿ, ತಪ್ಪು ತಿಳಿಯುವುದಿಲ್ಲ.

ಇನ್ನು ಜೂನಿನ ಪ್ರಶ್ನೆಗೆ ನಾನು ಕೊಡುವ ಉತ್ತರ: ಭಾನುವಾರ ಬೇಡ, ಅಂದು ಎಲ್ಲ ಕಡೆ ರೋಸ್ಟ್ ವಾಸನೆ, ಮೇಜೂ ಸಿಗುವುದಿಲ್ಲ. ವಾರದ ನಡುವೆ ಒಂದು ಮಧ್ಯಾಹ್ನ, 12 ಗಂಟೆಗೆ, ತೋಟವಿರುವ ಹಳ್ಳಿಯ ಇನ್. ಅಪ್ಪನಿಗೆ ಹ್ಯಾಮ್ ಇಲ್ಲದ ಪ್ಲೌಮನ್ಸ್. ಅಮ್ಮನಿಗೆ ಸಿಪ್ಪೆ ಸಮೇತ ಬೇಯಿಸಿದ ಜಾಕೆಟ್ ಆಲೂಗಡ್ಡೆ, ಮೇಲೆ ಬೆಣ್ಣೆ ಮತ್ತು ಟೊಮೇಟೊ ರಸದಲ್ಲಿ ಬೇಯಿಸಿದ ಬೀನ್ಸ್ ಕಾಳು. ಕಾರು ಓಡಿಸದವರಿಗೆ ಅರ್ಧ ಬಿಟರ್. ಮತ್ತೆ ಕೈಚೀಲದಲ್ಲಿ ಚಟ್ನಿಪುಡಿಯ ಪೊಟ್ಟಣವೊಂದಿರಲಿ. ಆಲೂಗಡ್ಡೆಯ ಮೇಲೆ ಅಮ್ಮ ಅದನ್ನು ಉದುರಿಸಿಕೊಳ್ಳುವಾಗ ಗಲ್ಲೆಯ ಹಿಂದಿನವರು ನೋಡಿದರೆ, ಅವರಿಗೂ ಒಂದು ಚಿಟಿಕೆ ಕೊಡಿ.